ಗಾಡಿ ನಡುಗುತ್ತಿದೆಯಾ? ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ

ಹಳೇ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಮಾರುತಿ 800 ಇರುವವರ ಗಮನಕ್ಕೆ. ಗಾಡಿ ನಿಂತಲ್ಲೇ ನಡುಗುತ್ತಿದ್ದರೆ ಸುಮ್ನೆ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಲು ಹೋಗಬೇಡಿ. ಇರುವುದು ಮೂರೇ ಸಿಲಿಂಡರ್, ಒಂದು ಕೈಕೊಟ್ಟರೂ ಗೊತ್ತಾಗುತ್ತೆ ಅಲ್ವಾ.

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ (ಕಿಡಿ ಹೊತ್ತಿಸುವುದು, ಸಿಲಿಂಡರಿಗೆ ಒಂದು) ಬಿಚ್ಚಿ, ಯಾವುದು ಎಲ್ಲಿಯದು ಅಂತ ಗುರುತಿಟ್ಟು ಸಾಲಾಗಿ ಇಡಿ. ತುದಿ ತಿಳಿ ಕಂದು ಬಣ್ಣವಿದ್ದರೆ ಸರಿ. ಮೂರರಲ್ಲೂ ಒಣ ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಚೋಕ್ (ತಣ್ಣಗಿರುವಾಗ ಸ್ಟಾರ್ಟ್ ಮಾಡಲು ಎಳೆಯುವುದು), ಏರ್ ಫಿಲ್ಟರ್ ನೋಡಿ. ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು.

ಒಂದೇ ಕಪ್ಪಾಗಿದೆಯಾ? ಒರೆಸಿ, ಪಕ್ಕದ್ದರ ಜೊತೆ ಅದಲುಬದಲು ಮಾಡಿ, ಎರಡು ದಿನ ಓಡಿಸಿ. ಅದೇ ಜಾಗದಲ್ಲಿ ಮತ್ತೆ ಮಸಿ ಕಟ್ಟಿದರೆ ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕ್ಯಾಪ್ ಮೇಲೆ ಅನುಮಾನ. ಇದು ಗೊತ್ತಿಲ್ಲದೆ ನಾನು ಎರಡು ಸೆಟ್ ಪ್ಲಗ್ ದಂಡ ಮಾಡಿದ್ದೆ!

ವಾಪಸ್ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯುಮಿನಿಯಂದು, ಥ್ರೆಡ್ ಹೋದರೆ ಖರ್ಚು ಜಾಸ್ತಿ.