ಭಾನುವಾರ ಸ್ಟೀವನ್‌ಸನ್ ವಿಡಿಯೊ: ಹೆವಿವೇಟ್‌ನವರು ತಪ್ಪದೆ ಬನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ಕ್ಲಬ್ ಹಾಲ್‌ನಲ್ಲಿ ಕ್ಯೂಬಾದ ಬಾಕ್ಸರ್ ಟಿಯೋಫಿಲೊ ಸ್ಟೀವನ್‌ಸನ್ ಅವರ ಒಲಿಂಪಿಕ್ಸ್ ಪಂದ್ಯಗಳನ್ನು ಹಾಕುತ್ತೇವೆ. ಮೂರು ಒಲಿಂಪಿಕ್ಸ್, ಮೂರೂ ಚಿನ್ನ.

ಮೊದಲು 1972ರ ಮ್ಯೂನಿಕ್, ಅಮೆರಿಕದ ಬಾಬಿಕ್ ಜತೆಗಿನ ಕ್ವಾರ್ಟರ್‌ಫೈನಲ್. ಎಡಗೈಯ ಚುರುಕು ಏಟು (ಜ್ಯಾಬ್) ದೂರ ಅಳೆಯುತ್ತಲೇ ಇರುತ್ತದೆ, ಅದರ ಬೆನ್ನಿಗೇ ಬಲಗೈ ನೇರ ಏಟು. ಕೈಗಿಂತ ಕಾಲು ನೋಡಿ. ಮೂರನೇ ಸುತ್ತಲ್ಲಿ ಆಟ ಮುಗಿಯುತ್ತದೆ. ಆ ಸಲದ ಫೈನಲ್ ಹುಡುಕಬೇಡಿ, ಎದುರಾಳಿ ಗಾಯದಿಂದ ರಿಂಗಿಗೇ ಇಳಿಯಲಿಲ್ಲ.

ಆಮೇಲೆ 1976ರ ಮಾಂಟ್ರಿಯಲ್ ಸೆಮಿಫೈನಲ್: ಜಾನ್ ಟೇಟ್ ಮೊದಲ ಸುತ್ತಲ್ಲೇ ಔಟ್. ಕಣ್ಣು ಮಿಟುಕಿಸಿದರೆ ಹೋಯಿತು.

ಕೊನೆಗೆ 1980ರ ಮಾಸ್ಕೊ ಫೈನಲ್, ಸೋವಿಯತ್ ಒಕ್ಕೂಟದ ಜಾಯೆವ್ ವಿರುದ್ಧ 4-1, ಅಂದರೆ ಐವರು ತೀರ್ಪುಗಾರರಲ್ಲಿ ನಾಲ್ವರು ಸ್ಟೀವನ್‌ಸನ್ ಕಡೆ. ಇದಕ್ಕೆ ನೀವೇ ಅಂಕ ಹಾಕಬೇಕು. 3 ನಿಮಿಷದ 3 ಸುತ್ತು; ಪ್ರತಿ ಸುತ್ತು ಮುಗಿದ ಗಂಟೆ ಬಾರಿಸಿದ ಕೂಡಲೇ ಬರೆದಿಡಿ, ಕೊನೆಗೆ ಬರೆದರೆ ಮೂರನೇ ಸುತ್ತಷ್ಟೇ ತಲೆಯಲ್ಲಿ ಉಳಿದಿರುತ್ತದೆ.

ತೂಕದ ಗೊಂದಲ ಬೇಡ: ಆಗ 81 ಕೆ.ಜಿ. ದಾಟಿದವರೆಲ್ಲ ಹೆವಿವೇಟ್. 91ರ ಮೇಲಿನ ಸೂಪರ್ ಹೆವಿ ಆಮೇಲೆ ಬಂದದ್ದು. ಸ್ಟೀವನ್‌ಸನ್ 1986ರಲ್ಲಿ ಅಮೆರಿಕದ ರೀನೊದಲ್ಲಿ ಗೆದ್ದ ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಆ ವರ್ಗದ್ದು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಪೆನ್ನು, ಹಾಳೆ ನೀವೇ ತನ್ನಿ.