ಪೇಂಟ್ ಹೊಳೆದ್ರೆ ಸಾಕಾ, ಬ್ರೇಕ್ ಯಾರು ನೋಡ್ಬೇಕು?

ಸಂಪಾದಕರೇ,

ಬೆಂಗಳೂರಲ್ಲಿ ಹಳೇ ಕಾರುಗಳ ರ್ಯಾಲಿ ಆದಾಗೆಲ್ಲ ನೀವು ದೊಡ್ಡದಾಗಿ ಫೋಟೊ ಹಾಕ್ತೀರ, ನಂಗೂ ಖುಷಿನೇ, ಆದ್ರೆ ಪೇಂಟು, ಕ್ರೋಮು, ಹಾರ್ನು ಎಲ್ಲದರ ಬಗ್ಗೆ ಬರೆಯೋರು ಬ್ರೇಕ್ ಬಗ್ಗೆ ಒಂದ್ ಸಾಲೂ ಬರೆಯಲ್ಲ.

ನಮ್ಮನೇಲಿ ಅಪ್ಪ ಓಡಿಸ್ತಿದ್ದ 1978ರ ಪ್ರೀಮಿಯರ್ ಪದ್ಮಿನಿ ಇದೆ. ಆರು ವರ್ಷ ಶೆಡ್ಡಲ್ಲೇ ನಿಂತಿತ್ತು. ಪೇಂಟ್ ಮಾಡ್ಸಿ ಸೀಟ್ ಹೊಲಿಸಿದ್ದಾಯ್ತು, ಬ್ರೇಕ್ ಕೇಳಿದ್ರೆ ಗ್ಯಾರೇಜವ್ರು 'ಆಯಿಲ್ ಟಾಪಪ್ ಮಾಡಿ ಪೈಪಲ್ಲಿದ್ದ ಏರ್ ತೆಗ್ದಿದೀನಿ ಸಾರ್, ಸೂಪರಾಗಿದೆ' ಅಂದ್ರು. ನಂಬಿಕೊಂಡು ಮನೆಯವ್ರನ್ನೆಲ್ಲ ಕೂರಿಸ್ಕೊಂಡು ನಂದಿಬೆಟ್ಟಕ್ಕೆ ಹೋದೆ. ಇಳೀವಾಗ ಎರಡನೇ ಗೇರಲ್ಲಿ ಬರೋದ್ ಬಿಟ್ಟು ಬ್ರೇಕ್ ತುಳೀತಾನೇ ಬಂದೆ, ಅದು ನನ್ ತಪ್ಪು, ನಾಲ್ಕೈದು ತಿರುವು ಆಗ್ತಿದ್ದಂಗೆ ಪೆಡಲ್ ಮೆತ್ತಗಾಗಿ ನೆಲ ಮುಟ್ತು. ಗೇರ್ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದೆ, ಅದಕ್ಕೂ ಆಯಿಲ್‌ಗೂ ಸಂಬಂಧ ಇಲ್ವಲ್ಲ, ಗಾಡಿ ನಿಲ್ತು. ಹಿಂದೆ ಕೂತಿದ್ದ ಅಮ್ಮ ಇವತ್ತಿಗೂ ಆ ಕಾರ್ ಹತ್ತಲ್ಲ.

ಆಮೇಲೆ ಗೊತ್ತಾಗಿದ್ದು, ಬ್ರೇಕ್ ಆಯಿಲ್ ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ. ಹೊಸ ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ 205 ಡಿಗ್ರಿ ಸೆಲ್ಸಿಯಸ್ ತನಕ ಕುದೀದೆ ತಡ್ಕೋಬೇಕು, ಅದೇ ಶೇ 3.7ರಷ್ಟು ನೀರು ಸೇರಿದ್ರೆ 140ಕ್ಕೇ ಕುದಿಯೋ ಸಾಧ್ಯತೆ ಇದೆ. ಕುದ್ದು ಆವಿ ಗುಳ್ಳೆ ಆಯ್ತೋ, ನೀವು ಎಷ್ಟ್ ತುಳಿದ್ರೂ ಗುಳ್ಳೆ ಅಮುಕೊಳ್ಳುತ್ತೇ ಹೊರತು ಒಳಗಿನ ಬ್ರೇಕ್ ಶೂ ಚಕ್ರದ ಜೊತೆ ತಿರುಗೋ ಡ್ರಮ್ಮಿಗೆ ಒತ್ತಲ್ಲ.

ಕೊನೆಗೆ ವಿಲ್ಸನ್ ಗಾರ್ಡನ್ ಕಡೆಯ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ರ ಬಿಟ್ಟೆ. ಅವ್ರು ಮಾತೇ ಆಡದೆ ನಾಲ್ಕೂ ಡ್ರಮ್ ಬಿಚ್ಚಿದ್ರು. ಹುಡುಗ ಏರ್ ಹೊಡೆದು ಧೂಳು ಹಾರಿಸೋಕೆ ಬಂದ್ರೆ ಬೈದು, ಒದ್ದೆ ಬಟ್ಟೇಲಿ ಒರೆಸು ಅಂದ್ರು, ಶೂ ಮೇಲಿನ ಹಳೇ ಲೈನರ್ (ಡ್ರಮ್ಮಿಗೆ ಉಜ್ಜೋ ಪದರ) ಧೂಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ಹೋದ್ರೆ ಕ್ಯಾನ್ಸರ್ ತರೋ ವಸ್ತು ಅದು. ಎಡಗಡೆ ಮುಂದಿನ ಚಕ್ರದಲ್ಲಿ ಶೂ ತಳ್ಳೋ ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ (ಮುಚ್ಚಳ) ಅಂಚನ್ನ ಸ್ಕ್ರೂಡ್ರೈವರಲ್ಲಿ ಸ್ವಲ್ಪ ಎತ್ತಿದ್ರು ಅಷ್ಟೇ, ಡಿಕಾಕ್ಷನ್ ಬಣ್ಣದ ಹನಿ ಶೂ ಮೇಲೆ ಇಳೀತು. ಲೈನರ್ ಆಗ್ಲೇ ಆಯಿಲ್ ಕುಡಿದು ಕಪ್ಪಾಗಿತ್ತು. ಪಿಸ್ಟನ್ ತೆಗೆದು 'ಒಳಗೆ ಉಗುರಾಡಿಸಿ ನೋಡಿ' ಅಂದ್ರು, ತುಕ್ಕಿನ ಗುಂಡಿಗೆ ಉಗುರು ಸಿಕ್ಕಾಕ್ಕೊಳ್ತು. ಗೀರು ಸಣ್ಣದಿದ್ರೆ ಹೋನ್ ಮಾಡಿ, ಅಂದ್ರೆ ಒಳಗೋಡೆ ಉಜ್ಜಿ ನುಣುಪು ಮಾಡಿ, ಕಿಟ್ (ಹೊಸ ರಬ್ಬರ್ ಸೀಲ್‌ಗಳು) ಹಾಕಬಹುದಂತೆ, ಹಿಂಗೆ ಗುಂಡಿ ಬಿದ್ರೆ ಹೊಸ ಕಿಟ್ ಹಾಕಿದ್ರೂ ಲೀಕೇ. ಆಯಿಲ್ ಹೋಗೋ ರಬ್ಬರ್ ಹೋಸ್ ಪೈಪ್ ಹೊರಗಿಂದ ಚೆನ್ನಾಗೇ ಇತ್ತು, ಕತ್ತರಿಸಿ ತೋರಿಸಿದ್ರೆ ಒಳಗೆ ಊದಿ ಸೂಜಿ ಹೋಗೋಷ್ಟೇ ದಾರಿ.

ನಮ್ ಗಾಡಿಗೆ ಇರೋದು ಒಂದೇ ಆಯಿಲ್ ಲೈನ್, ಒಂದ್ ಚಕ್ರದಲ್ಲಿ ಒಡೆದ್ರೆ ನಾಲ್ಕಕ್ಕೂ ಬ್ರೇಕ್ ಹೋಗುತ್ತೆ. ಇದನ್ನ ಆ ಮೊದಲಿನ ಗ್ಯಾರೇಜವ್ರು ಬರೀ ಏರ್ ತೆಗ್ದು ಕಳ್ಸಿದ್ರಲ್ಲ ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ. ಜೆ.ಸಿ. ರೋಡಲ್ಲಿ ಎರಡು ದಿನ ಅಲೆದು ಸಿಲಿಂಡರು, ಹೋಸು, ಪೆಡಲ್ ತುಳಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್‌ನ ಕಿಟ್ಟು ತಂದೆ, ಖರ್ಚು ಪೇಂಟಿಗಿಂತ ಎಷ್ಟೋ ಕಮ್ಮಿ.

ಆಯೋಜಕರು ರ್ಯಾಲಿಗೆ ಹೆಸ್ರು ಬರ್ಕೊಳ್ಳುವಾಗ್ಲೇ, ಡ್ರಮ್ ಯಾವಾಗ ಬಿಚ್ಚಿಸಿದ್ರಿ, ಆಯಿಲ್ ಯಾವಾಗ ಬದಲಾಯಿಸಿದ್ರಿ ಅಂತ ಮೆಕ್ಯಾನಿಕ್ ಸೈನ್ ಇರೋ ಚೀಟಿ ಕೇಳ್ಲಿ. ನೀವೂ ಅಷ್ಟೇ, ಮುಂದಿನ ಸಲ ಫಳಫಳ ಬಾನೆಟ್ ಪಕ್ಕದಲ್ಲಿ ಬಿಚ್ಚಿಟ್ಟ ಡ್ರಮ್ ಫೋಟೊ ಒಂದು ಹಾಕಿ. ಬೇಕಂದ್ರೆ ನಮ್ ಹಳೇ ಸಿಲಿಂಡರ್ ಇನ್ನೂ ಶೆಡ್ಡಲ್ಲೇ ಇದೆ, ತಂದ್ಕೊಡ್ತೀನಿ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು