ಆ ಡಬ್ಬಿ ಎಸೆಯಬೇಡಿ

ಪ್ರೀತಿಯ ಅಪ್ಪ, ಅಮ್ಮ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಚಳಿ ಜಾಸ್ತಿ, ಆದರೆ ಅಭ್ಯಾಸವಾಗಿದೆ. ಓದು ಸರಿಯಾಗಿಯೇ ನಡೆದಿದೆ.

ಅಮ್ಮಾ, ಹೋದ ವಾರ ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಬೀರುವಿನ ಮೇಲಿರುವ ಹಳೇ ನೆಗೆಟಿವ್‌ಗಳ ಡಬ್ಬಿಯನ್ನು ಎಸೆದುಬಿಡುತ್ತೇನೆ ಅಂದೆ. ಶನಿವಾರ ಬಂದರೆ ನಾನು ಫೋನ್ ಎತ್ತುವುದೇ ಇಲ್ಲ ಅಂತಲೂ ಬೇಜಾರು ಮಾಡಿಕೊಂಡೆ. ಎರಡಕ್ಕೂ ಉತ್ತರ ಒಂದೇ. ಡಬ್ಬಿ ಇರಲಿ ಅಂತ ಮಾತ್ರ ಆಗ ಹೇಳಿದೆ. ಯಾಕೆ ಅಂತ ಹೇಳಲು ಈ ಕಾಗದ.

ಶನಿವಾರ ನಾನು ಡಾರ್ಕ್‌ರೂಮಿನಲ್ಲಿ ಇರುತ್ತೇನೆ. ಫಿಲ್ಮ್ ತೊಳೆದು ಪ್ರಿಂಟ್ ಮಾಡುವ ಕತ್ತಲೆ ಕೋಣೆ ಅದು, ಕಾಲೇಜಿನ ಫೋಟೋಗ್ರಫಿ ಕ್ಲಬ್ಬಿನವರದ್ದು. ಗೆಳತಿಯೊಬ್ಬಳು ಕರೆದಳು ಅಂತ ಸುಮ್ನೆ ಹೋಗಿದ್ದೆ. ಅವಳು ಎರಡೇ ವಾರಕ್ಕೆ ಬಿಟ್ಟಳು, ನಾನು ಉಳಿದೆ. ಅವರು ಸದಸ್ಯರಿಗೆ ಒಂದು ಹಳೇ ಕ್ಯಾಮೆರಾ ಕೊಡುತ್ತಾರೆ. ಪೆಂಟಾಕ್ಸ್ ಕೆ1000. 1976ರಲ್ಲಿ ಬಂದ ಮಾದರಿ, 1997ರವರೆಗೂ ತಯಾರಾಗುತ್ತಿತ್ತು. ಅದಕ್ಕೆ ಪರದೆ ಇಲ್ಲ. ಫೋಕಸ್ ನಾವೇ ಮಾಡಬೇಕು, ಶಟರ್ ವೇಗ ನಾವೇ ಇಡಬೇಕು. ಒಳಗಿರುವ ಪುಟ್ಟ ಬ್ಯಾಟರಿ ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ಒಂದು ರೋಲ್‌ಗೆ 36 ಚಿತ್ರ. ಅಷ್ಟೇ.

ಆ 36 ಅನ್ನುವ ಲೆಕ್ಕವೇ ನನ್ನನ್ನು ಹಿಡಿದದ್ದು. ಫೋನಿನಲ್ಲಿ ಒಂದೇ ಸಂಜೆಗೆ ನೂರು ತೆಗೆದು, ಒಂದನ್ನೂ ಮತ್ತೆ ನೋಡದೆ ಬಿಟ್ಟಿದ್ದೇನೆ. ಇಲ್ಲಿ ಬಟನ್ ಒತ್ತುವ ಮುಂಚೆ ನಿಲ್ಲಬೇಕಾಗುತ್ತದೆ. ಇದು ನನಗೆ ಬೇಕಾ? ಇನ್ನೊಂದು ಹೆಜ್ಜೆ ಮುಂದೆ ಹೋದರೆ? ಮೋಡ ಸರಿಯಲಿ ಅಂತ ಕಾಯಲಾ? ಹಾಗೆ ನಿಂತಾಗ ಮೊದಲ ಸಲ ನೆರಳುಗಳು ಕಂಡವು. ಗೋಡೆಯ ಮೇಲೆ ಬೆಳಕು ಬೆಳಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ಬೀಳುತ್ತದೆ ಅಂತ ಗೊತ್ತಿತ್ತು. ನೋಡಿರಲಿಲ್ಲ.

ಮೊದಲ ರೋಲ್ ಪೂರ್ತಿ ಹೋಯಿತು. ಎರಡು ವಾರ ಅಲೆದು 36 ಚಿತ್ರ ತೆಗೆದಿದ್ದೆ. ಫಿಲ್ಮ್ ತೊಳೆದು ಮೇಲೆತ್ತಿದರೆ ಗಾಜಿನ ಹಾಗೆ ಖಾಲಿ. ಅಂಚಿನಲ್ಲಿ ಕಂಪನಿಯ ಹೆಸರು, ನಂಬರುಗಳು ಮಾತ್ರ ಸ್ಪಷ್ಟವಾಗಿ ಮೂಡಿದ್ದವು. ಕಲಿಸುವವರು ನೋಡಿದ ಕೂಡಲೇ ಹೇಳಿದರು, ತೊಳೆದದ್ದು ಸರಿಯಾಗಿದೆ, ಫಿಲ್ಮಿಗೆ ಬೆಳಕೇ ತಾಗಿಲ್ಲ ಅಂತ. ಫಿಲ್ಮಿನ ತುದಿ ಒಳಗಿನ ಸ್ಪೂಲಿಗೆ ಸಿಕ್ಕಿಕೊಂಡಿರಲಿಲ್ಲ. ಲಿವರ್ ಎಳೆದಾಗಲೆಲ್ಲ ಎಡಗಡೆಯ ಗುಂಡಿ ತಿರುಗಬೇಕು, ತಿರುಗಿದರೆ ಫಿಲ್ಮ್ ಸಾಗುತ್ತಿದೆ ಅಂತ ಅರ್ಥ. ನನಗದು ಗೊತ್ತಿರಲಿಲ್ಲ. ಆವತ್ತು ರಾತ್ರಿ ಅತ್ತೆ. ಫೋನಿನಲ್ಲಿ ನಿಮಗೆ ನೆಗಡಿ ಅಂತ ಹೇಳಿದ್ದೆ, ನೆನಪಿದೆಯಾ? ನೆಗಡಿ ಇರಲಿಲ್ಲ.

ಎರಡನೇ ರೋಲಿನಲ್ಲಿ ಒಂದೇ ಚಿತ್ರಕ್ಕೆ ನಾಲ್ಕು ದಿನ ಕಾದೆ. ನಮ್ಮ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ ಎತ್ತರದ ಕಿಟಕಿ ಇದೆ. ಚಳಿಗಾಲದಲ್ಲಿ ಇಲ್ಲಿ ಸೂರ್ಯ ತುಂಬ ಕೆಳಗೇ ಇರುತ್ತಾನೆ. ಮಧ್ಯಾಹ್ನ ಹೆಚ್ಚೆಂದರೆ ಇಪ್ಪತ್ತು ನಿಮಿಷ ಬಿಸಿಲು ನಾಲ್ಕೈದು ಮೆಟ್ಟಿಲ ಮೇಲೆ ಓರೆಯಾಗಿ ಬಿದ್ದು ಹೋಗುತ್ತದೆ. ಮೂರು ದಿನ ಮೋಡ. ನಾಲ್ಕನೇ ದಿನ ಬಿಸಿಲು ಬಂತು, ಆದರೆ ಮೆಟ್ಟಿಲು ಖಾಲಿ. ಇನ್ನೇನು ಹೊರಡಬೇಕು ಅನ್ನುವಾಗ ವಯಸ್ಸಾದ ಹೆಂಗಸೊಬ್ಬರು ಮಡಚಿದ ಕಪ್ಪು ಕೊಡೆ ಹಿಡಿದು ಮೇಲೆ ಬಂದರು. ಕೇಳಿದೆ, ತೆಗೆಯಲಾ ಅಂತ. ಅವರು ತಲೆಯಾಡಿಸಿ, ಬಿಸಿಲಿನಲ್ಲೇ ನಿಂತರು. ಒಂದೇ ಸಲ ಒತ್ತಿದೆ.

ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಉರಿಯುತ್ತಿರುತ್ತದೆ. ಕಪ್ಪು ಬಿಳುಪು ಪ್ರಿಂಟ್ ಮಾಡುವ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ಅದಕ್ಕೆ. ಎನ್‌ಲಾರ್ಜರ್ ಅನ್ನುವ, ಚಿತ್ರ ದೊಡ್ಡದಾಗಿ ಬೀಳಿಸುವ ಯಂತ್ರದ ಕೆಳಗೆ ಕಾಗದ ಇಟ್ಟು, ನೆಗೆಟಿವ್ ಮೂಲಕ 12 ಸೆಕೆಂಡು ಬೆಳಕು ಬಿಟ್ಟೆ. ಆಮೇಲೂ ಕಾಗದ ಬೆಳ್ಳಗೇ ಇರುತ್ತದೆ, ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ಟ್ರೇಯಲ್ಲಿ ಅದ್ದಿ ಮೆಲ್ಲಗೆ ಅಲುಗಾಡಿಸಿದೆ. ಅರ್ಧ ನಿಮಿಷವೂ ಆಗಿರಲಿಲ್ಲ. ಮೊದಲು ಕೊಡೆ ಬಂತು. ತೀರಾ ಕಪ್ಪಾಗಿರುವುದು ಮೊದಲು ಮೂಡುತ್ತದೆ. ಆಮೇಲೆ ಮೆಟ್ಟಿಲ ನೆರಳು, ಕೋಟಿನ ಮಡಿಕೆ. ಕೊನೆಗೆ, ಎಲ್ಲಿಂದಲೋ ನಿಧಾನಕ್ಕೆ ನಡೆದು ಬಂದ ಹಾಗೆ, ಅವರ ಮುಖ. ಅಮ್ಮಾ, ನನ್ನ ಕೈ ನಡುಗಿತು. ಇಷ್ಟು ವರ್ಷದಲ್ಲಿ ನನಗೆ ಯಾವುದರ ಬಗ್ಗೆಯೂ ಹಾಗೆ ಅನ್ನಿಸಿರಲಿಲ್ಲ.

ಆ ಪ್ರಿಂಟ್ ಈ ಕಾಗದದ ಜೊತೆ ಇಟ್ಟಿದ್ದೇನೆ. ಇನ್ನೊಂದು ಆ ಹೆಂಗಸಿಗೆ ಕೊಟ್ಟೆ.

ಹೋದ ತಿಂಗಳು ಕ್ಲಬ್ಬಿನವರು ಇಂಗ್ಲೆಂಡಿನ ಲೇಕಾಕ್ ಅನ್ನುವ ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ದೊಡ್ಡ ಹಳೇ ಮನೆಯೊಂದರಲ್ಲಿ ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಇದ್ದರು. 1835ರ ಆಗಸ್ಟಿನಲ್ಲಿ ಅವರು ಆ ಮನೆಯ ಒಂದು ಕಿಟಕಿಯ ನೆಗೆಟಿವ್ ತೆಗೆದರು. ಇವತ್ತಿಗೆ ಉಳಿದಿರುವ ನೆಗೆಟಿವ್‌ಗಳಲ್ಲಿ ಅದೇ ಹಳೆಯದು. ಅಂಚೆ ಚೀಟಿಯಷ್ಟೇ ದೊಡ್ಡದು. ಹೊಸದಾಗಿದ್ದಾಗ ಅದರಲ್ಲಿ ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನು ಭೂತಗನ್ನಡಿ ಹಿಡಿದು ಎಣಿಸಬಹುದಿತ್ತು ಅಂತ ಅವರೇ ಬರೆದಿಟ್ಟಿದ್ದಾರೆ. ಮನೆ ತುಂಬ ಅಲ್ಲಲ್ಲಿ ಇಟ್ಟಿದ್ದ ಅವರ ಪುಟ್ಟ ಕ್ಯಾಮೆರಾಗಳನ್ನು ಹೆಂಡತಿ ಇಲಿ ಬೋನು ಅಂತ ಕರೆಯುತ್ತಿದ್ದರಂತೆ. ಆಗಿನ್ನೂ ಚಿತ್ರ ಅಳಿಸದಂತೆ ನಿಲ್ಲಿಸಲು ಉಪ್ಪುನೀರು ಬಳಸುತ್ತಿದ್ದರು. ಹೈಪೋ ಅನ್ನುವ ರಾಸಾಯನಿಕ ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಅಂತ ಜಾನ್ ಹರ್ಷೆಲ್ ಅನ್ನುವ ವಿಜ್ಞಾನಿ 1819ರಲ್ಲೇ ಕಂಡುಕೊಂಡಿದ್ದರು, ಆದರೆ ಫೋಟೋ ಅಳಿಯದಂತೆ ನಿಲ್ಲಿಸಲು ಅದು ಬಳಕೆಯಾದದ್ದು 1839ರಲ್ಲಿ. ಇಪ್ಪತ್ತು ವರ್ಷ ಉತ್ತರ ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ! ನಾನು ಆ ಕಿಟಕಿಯ ಮುಂದೆ ತುಂಬ ಹೊತ್ತು ನಿಂತಿದ್ದೆ. ನೋಡಿದರೆ ಸಾದಾ ಕಿಟಕಿ.

ವಾಪಸ್ ಬರುವಾಗ ರೈಲಿನಲ್ಲಿ ಫೋನ್ ತೆಗೆದು ಅಜ್ಜಿಯ ಫೋಟೋ ನೋಡಿದೆ. ಹಾಲಿನಲ್ಲಿ ತೂಗುಹಾಕಿರುವುದು. ಹುಟ್ಟಿದಾಗಿನಿಂದ ಅದರ ಕೆಳಗೇ ಓಡಾಡಿದ್ದೇನೆ, ಅಲ್ವಾ? ಆದರೂ ಒಂದು ಕೆನ್ನೆ ಮಾತ್ರ ಬೆಳಗಿದೆ, ಇನ್ನೊಂದು ಮೃದುವಾದ ನೆರಳಿನಲ್ಲಿದೆ ಅಂತ ಆವತ್ತೇ ಕಂಡದ್ದು. ಎರಡೂ ಕಣ್ಣಿನೊಳಗೆ ಒಂದೊಂದು ಸಣ್ಣ ಬಿಳಿ ಚುಕ್ಕೆ ಇದೆ. ಅದು ಕಿಟಕಿಯೋ ತೆರೆದ ಬಾಗಿಲೋ ಇರಬೇಕು. ಯಾರೋ ಅಜ್ಜಿಯನ್ನು ಬೆಳಕು ನೋಡಿ ಕೂರಿಸಿದ್ದಾರೆ. ಮುಖ ಸ್ವಲ್ಪ ತಿರುಗಿಸಿ ಅಂದಿದ್ದಾರೆ. ಅವಳು ಒಂದು ಉಸಿರು ಬಿಟ್ಟು ಸುಮ್ಮನಾಗುವವರೆಗೂ ಕಾದಿದ್ದಾರೆ. ಅಪ್ಪಾ, ತೆಗೆದವರು ಯಾರು? ಎಲ್ಲಿ ತೆಗೆದದ್ದು? ನಿನಗೆ ನೆನಪಿರುವಷ್ಟನ್ನು ಬರೆದು ಕಳಿಸು.

ಆ ಫೋಟೋದ ನೆಗೆಟಿವ್ ಅದೇ ಡಬ್ಬಿಯಲ್ಲಿ ಇರಬಹುದು. ಅದಕ್ಕೇ ಎಸೆಯಬೇಡಿ. ಗೋಡೆಯ ಮೇಲಿರುವ ಪ್ರಿಂಟ್ ಮಾಸುತ್ತಿದೆ. ನೆಗೆಟಿವ್ ಇದ್ದರೆ ಹೊಸದಾಗಿ ಮಾಡಬಹುದು.

ಡಬ್ಬಿಯನ್ನು ಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹೊಸ ಶೂ ಜೊತೆ ಬರುವ ಸಿಲಿಕಾ ಪೊಟ್ಟಣ ಇದ್ದರೆ ಎರಡು ಹಾಕಿ. ನೆಗೆಟಿವ್ ಮುಟ್ಟುವುದಾದರೆ ಅಂಚು ಮಾತ್ರ ಹಿಡಿಯಿರಿ. ಹೊಳಪು ಕಡಿಮೆ ಇರುವ ಬದಿಯಲ್ಲೇ ಚಿತ್ರ ಇರುವುದು, ಅದಕ್ಕೆ ಬೆರಳು ತಾಗಬಾರದು. ಅಮ್ಮಾ, ಧೂಳಿದೆ ಅಂತ ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡ, ದಯವಿಟ್ಟು. ಡಬ್ಬಿ ತೆರೆದಾಗ ವಿನಿಗರ್ ಥರ ಹುಳಿ ವಾಸನೆ ಬಂದರೆ, ಆ ಫಿಲ್ಮುಗಳನ್ನು ಬೇರೆ ಕವರಿನಲ್ಲಿ ಇಡಿ. ಹಳೇ ಫಿಲ್ಮ್ ಕೆಡಲು ಶುರುವಾದಾಗ ಹಾಗೆ ವಾಸನೆ ಬರುತ್ತದೆ, ಪಕ್ಕದವನ್ನೂ ಕೆಡಿಸುತ್ತದೆ.

ಅಂಚೆಯಲ್ಲಿ ಕಳಿಸಬೇಡಿ. ರಜೆಗೆ ಬಂದಾಗ ನಾನೇ ಕೈಯಲ್ಲಿ ತರುತ್ತೇನೆ. ಅಜ್ಜಿಯ ಮುಖ ಆ ಟ್ರೇಯಲ್ಲಿ ಮೂಡುವುದನ್ನು ನಾನು ನೋಡಬೇಕು.

ಇಂತಿ,
ನಿಮ್ಮ ಪ್ರೀತಿಯ ಮಗಳು